ಸಾತನೂರು ಸರ್ಕಲ್‌ನಲ್ಲಿ ಒಂದು ಚೀಟಿಯ ಪ್ರಶ್ನೆ!

ಬೆಳಗಿನ ಬಸ್ಸು ಸಾತನೂರು ಸರ್ಕಲ್ಲಿಗೆ ಬಂದು ನಿಂತಿತೆಂದರೆ ಎರಡು ನಿಮಿಷ ಗದ್ದಲವೋ ಗದ್ದಲ. ಇಳಿಯುವವರಿಗೆ ದಾರಿಯಿಲ್ಲ, ಹತ್ತುವವರಿಗೆ ತಾಳ್ಮೆಯಿಲ್ಲ. ಕನಕಪುರದ ಕಾಲೇಜಿಗೆ ಹೊರಟ ಹುಡುಗರು ಫುಟ್‌ಬೋರ್ಡಿನ ಮೇಲೆ, ಸೊಪ್ಪಿನ ಗಂಟು ಸೀಟಿನ ಕೆಳಗೆ. ಇಷ್ಟರ ನಡುವೆ ಕಂಡಕ್ಟರ್ ಕೂಗು: "ಯಾರ್ರೀ ಟಿಕೆಟ್? ಚಿಲ್ರೆ ಇಟ್ಕೊಳ್ರೀ!"

ಹಿಂದೆ ಈ ಕೂಗಿಗೆ ಎಲ್ಲರ ಕೈಯೂ ಜೇಬಿಗೆ, ಸೆರಗಿನ ಗಂಟಿಗೆ ಹೋಗುತ್ತಿತ್ತು. ಈಗ ಅರ್ಧ ಬಸ್ಸು ಅಲುಗಾಡುವುದೇ ಇಲ್ಲ. "ನಮ್ದು ಫ್ರೀ ಅಲ್ವೇನಪ್ಪಾ, ಮತ್ಯಾಕೆ ಚೀಟಿ?" ಎಂದು ಅಮ್ಮಂದಿರ ಪ್ರಶ್ನೆ. "ತಗೊಳ್ಳಮ್ಮಾ, ಇಲ್ದಿದ್ರೆ ನನ್ನ ತಲೆಗೆ ಬರುತ್ತೆ" ಎಂದು ಕಂಡಕ್ಟರನ ಗೋಳು.

ಪ್ರಶ್ನೆ ಸಣ್ಣದಲ್ಲ. ಉತ್ತರ ಗೊತ್ತಿದ್ದರೆ ಊರಿಗೇ ಲಾಭ.

ಸೊನ್ನೆಯ ಬೆಲೆ

2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂತು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದೊಳಗೆ ದುಡ್ಡಿಲ್ಲದ ಪ್ರಯಾಣ. ರಾಜಹಂಸ, ಎ.ಸಿ. ಬಸ್ಸುಗಳಿಗೆ ಇದು ನಡೆಯದು. ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. 2025ರ ಜುಲೈ ಹೊತ್ತಿಗೆ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು.

ಈ ಲೆಕ್ಕ ಸಿಕ್ಕಿದ್ದು ಎಲ್ಲಿಂದ? ಅದೇ ಸೊನ್ನೆ ಚೀಟಿಯಿಂದ! ಪ್ರಯಾಣಿಕಳಿಗೆ ಅದರ ಬೆಲೆ ಸೊನ್ನೆ. ನಿಗಮಕ್ಕೆ ಹಾಗಲ್ಲ. ಚೀಟಿ ಹರಿದಷ್ಟಕ್ಕೆ ಮಾತ್ರ ಸರ್ಕಾರದಿಂದ ಹಣ ಕೇಳಬಹುದು. ಹರಿಯದ ಚೀಟಿಗೆ ಡೀಸೆಲ್ ಖರ್ಚೂ ಹುಟ್ಟದು.

ಇನ್ನೊಂದು ಮಾತೂ ಇದೆ. ಯಾವ ಟ್ರಿಪ್ ಉಳಿಯಬೇಕು, ಯಾವುದು ನಿಲ್ಲಬೇಕು ಎಂದು ಡಿಪೋದವರು ನೋಡುವಾಗ ಮುಂದಿರುವುದು ಕಿಲೋಮೀಟರಿಗೆ ಎಷ್ಟು ಆದಾಯ ಬಂತೆಂಬ ಲೆಕ್ಕ. ಬಸ್ಸಿನಲ್ಲಿ 60 ಜನ ನಿಂತು ಬೆವರಿರಲಿ, ಚೀಟಿ 30 ಹರಿದಿದ್ದರೆ ಕಾಗದದ ಮೇಲೆ ಆ ಬಸ್ಸಿನಲ್ಲಿ ಇದ್ದವರು 30 ಜನ. ಆಮೇಲೆ "ಸಂಜೆ ಟ್ರಿಪ್ ನಿಲ್ಲಿಸಿಬಿಟ್ರು" ಎಂದು ಸರ್ಕಲ್ಲಿನಲ್ಲಿ ನಿಂತು ಬೈದರೆ ಕೇಳುವವರಾರು? ಚೀಟಿಯೆಂದರೆ ಊರಿನ ಹಾಜರಿ ಪುಸ್ತಕ.

ಗಂಡಸರ ಪಾಡು

ದುಡ್ಡು ಕೊಟ್ಟು ಹೋಗುವವರ ಕಥೆ ಬೇರೆ. 2025ರ ಜನವರಿ 5ರಿಂದ ದರ ಶೇ. 15 ಏರಿತು. ಅದಕ್ಕೆ ಹಿಂದಿನ ಏರಿಕೆ 2020ರಲ್ಲಿ. ಕೆ.ಎಸ್.ಆರ್.ಟಿ.ಸಿ.ಯ ಇಂಥ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆಂದು 'ಶಕ್ತಿ' ಆದೇಶದಲ್ಲೇ ಉಂಟು. ಆದರೆ ಕೂಸು ಎತ್ತಿಕೊಂಡ ತಾಯಿಯನ್ನು ಏಳಿಸಿ ಕೂರುವ ಗಂಡಸು ಸಾತನೂರು ಹೋಬಳಿಯಲ್ಲಿ ಹುಟ್ಟಿಲ್ಲ. ಹಾಗಾಗಿ ದುಡ್ಡು ಕೊಟ್ಟವನೂ ನಿಂತೇ ಪ್ರಯಾಣ.

ಇನ್ನು ಚಿಲ್ಲರೆ. ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಪದ್ಧತಿ ತಾತನ ಕಾಲದ್ದು. ಇಳಿಯುವ ಅವಸರದಲ್ಲಿ ಎಷ್ಟೋ ಬಾಕಿ ಬಸ್ಸಿನಲ್ಲೇ ಊರು ದಾಟಿ ಹೋಗುತ್ತದೆ. ಇದರ ಬಿಸಿ ತಟ್ಟುವುದು ಸರ್ಕಲ್ಲಿನ ಅಂಗಡಿಯವರಿಗೆ. ಬಸ್ಸು ಬರುವ ಮುಂಚೆ "ಅಣ್ಣಾ, ಐನೂರಕ್ಕೆ ಚಿಲ್ರೆ" ಎಂದು ಬಂದವನು ಕೊಳ್ಳುವುದು ಒಂದು ಪೆಪ್ಪರಮೆಂಟು! 2024ರ ಕೊನೆಗೆ ನಿಗಮ ಹೊಸ ಟಿಕೆಟ್ ಯಂತ್ರ ತಂದು ಫೋನಿನಿಂದ ದುಡ್ಡು ಕಟ್ಟುವ ಅನುಕೂಲ ಮಾಡಿದ ಮೇಲೆ ಈ ಕಾಟ ಕೊಂಚ ಇಳಿದಿದೆ. ನೆಟ್‌ವರ್ಕ್ ಕೈಕೊಟ್ಟ ದಿನ ಮಾತ್ರ ಮತ್ತೆ ಪೆಪ್ಪರಮೆಂಟೇ ಗತಿ.

ಕಾನೂನು ಇಬ್ಬರಿಗೂ

"ಎರಡು ಸ್ಟೇಜ್ ತಾನೇ, ದುಡ್ಡು ಇಟ್ಕೊ, ಚೀಟಿ ಬೇಡ" ಎನ್ನುವ ಉದಾರಿಗಳೂ ಇದ್ದಾರೆ. ಆ ದುಡ್ಡು ನಿಗಮದ ಖಜಾನೆಗೆ ಹೋಗದು ಎಂಬುದು ಅವರಿಗೂ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವನಿಗೆ 500 ರೂಪಾಯಿವರೆಗೆ ದಂಡ. ಟಿಕೆಟ್ ಕೊಡದ, ಕಡಿಮೆ ಬೆಲೆಯ ಟಿಕೆಟ್ ಕೊಟ್ಟ ಕಂಡಕ್ಟರನಿಗೂ ಅಷ್ಟೇ ದಂಡ. ಚೆಕಿಂಗ್‌ನವರು ಹತ್ತಿದ ದಿನ ಉದಾರಿಗೆ ದಂಡ, ಕಂಡಕ್ಟರನಿಗೆ ಮೇಲೊಂದು ಮೆಮೊ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು, 1973ರಲ್ಲಿ ಹೆಸರು ಕರ್ನಾಟಕವಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವಾಯಿತು. ಹೆಸರು ಎಷ್ಟು ಬದಲಾದರೂ ಸರ್ಕಲ್ಲಿನಲ್ಲಿ ಕತ್ತು ಉದ್ದ ಮಾಡಿ ಬಸ್ಸು ಕಾಯುವುದು ಬದಲಾಗಿಲ್ಲ. ಕಬ್ಬಾಳಮ್ಮನ ದರ್ಶನಕ್ಕೆ ಹೊರಟವರು, ಹಲಗೂರು, ಚನ್ನಪಟ್ಟಣದ ಕಡೆಯವರು, ಆಸ್ಪತ್ರೆಗೆ ಹೋಗುವ ಮುದುಕರು, ಎಲ್ಲರಿಗೂ ಇದೇ ಬಸ್ಸು. ಸ್ಕೂಟರ್ ಇದ್ದವನಿಗೆ ಬಸ್ಸು ತಪ್ಪಿದರೆ ಬೇಜಾರು ಅಷ್ಟೇ. ಇಲ್ಲದವನಿಗೆ ಒಂದು ದಿನದ ಕೂಲಿಯೇ ಹೋಯಿತು.

ಆದ್ದರಿಂದ ಅಮ್ಮಂದಿರು ಸೊನ್ನೆ ಚೀಟಿ ಕೇಳಿ ಪಡೆಯಲಿ. ಇಳಿಯುವ ತನಕ ಜೋಪಾನವಾಗಿರಲಿ. ಅಯ್ಯಂದಿರು ಸ್ಟಾಪ್ ಬರುವ ಮುಂಚೆಯೇ ಬಾಕಿ ಕೇಳಲಿ. ಜನ ತಮ್ಮ ಹಾಜರಿ ಹಾಕಿದ ಮೇಲೆ ಡಿಪೋದವರು ತಮ್ಮದನ್ನು ತಪ್ಪಿಸುವಂತಿಲ್ಲ. ಇಷ್ಟು ಜನ ಹತ್ತುವ ಜಾಗಕ್ಕೆ ಬೆಳಗ್ಗೆ, ಸಂಜೆ ಒಂದೊಂದು ಬಸ್ಸು ಹೆಚ್ಚು ಕೇಳುವ ಹಕ್ಕು ಆಗ ಊರಿಗೆ ತಾನಾಗಿ ಬರುತ್ತದೆ.

ಸಂಬಂಧಪಟ್ಟವರು ಗಮನಿಸುವರೇ? ಮೊದಲು ಪ್ರಯಾಣಿಕರು ಗಮನಿಸಲಿ. ರೈಟ್... ರೈಟ್!