ಬೆನ್ನು ನೆಲಕ್ಕೆ ತಾಗಿದ ಮೇಲೆ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಬಯಲು ಜಂಗೀ ಕುಸ್ತಿಯೆಂಬುದು ದಸರೆ ಜಾತ್ರೆಗಳ ಬೆನ್ನಿಗೇ ಬರುವ ವಿನೋದ. ಕೆಮ್ಮಣ್ಣಿನ ಅಖಾಡವನ್ನು ಹದಮಾಡಿ, ದಾವಣಗೆರೆ ಶಿವಮೊಗ್ಗಗಳ ಕಡೆಯಿಂದ ಬಂದ ಪೈಲ್ವಾನರ ಎತ್ತರ ಮೈಕಟ್ಟುಗಳನ್ನು ಕಣ್ಣಳತೆಯಿಂದಲೇ ತೂಗಿ ಹಿರಿಯರು ಜೋಡಿ ಕಟ್ಟಿ, ಉಭಯತರೂ ಮಣ್ಣನ್ನು ಹಣೆಗೊತ್ತಿಕೊಂಡು ಕೈ ಮಿಲಾಯಿಸಿದರೆಂದರೆ, ಸುತ್ತ ನೆರೆದ ಸಾವಿರ ಕಣ್ಣುಗಳು ಹುಡುಕುವುದು ಒಂದನ್ನೇ: ಯಾರ ಎರಡು ಭುಜಗಳು ಒಟ್ಟಿಗೆ ನೆಲವನ್ನು ಮುಟ್ಟುವುವು? ಮುಟ್ಟಿದರೆ ಚಿತ್ತು, ಮುಟ್ಟದಿದ್ದರೆ, ಎಷ್ಟು ಹೊತ್ತು ಹೆಣಗಿದರೂ ಏನೂ ಆಗಿಲ್ಲ. ತೀರ್ಪುಗಾರನು ಕೈಯೆತ್ತುವ ಮೊದಲೇ ಜನ ಕೇಕೆ ಹಾಕುವುದು ಇದೇ ಕಾರಣದಿಂದ. ಇಲ್ಲಿ ಸೋಲನ್ನು ಸಾರತಕ್ಕದ್ದು ಭೂಮಿ. ಮನುಷ್ಯನಿಗೆ ಆ ಅಧಿಕಾರವಿಲ್ಲ.

ಈ ಕಣ್ಣುಗಳನ್ನೇ ಹೊತ್ತುಕೊಂಡು ಮಿಶ್ರ ಮಲ್ಲಯುದ್ಧವನ್ನು ನೋಡಹೊರಟವನಿಗೆ, ನನ್ನ ಮಟ್ಟಿಗಂತೂ ಅತ್ಯಂತ ವಿಸ್ಮಯಕರವಾದ ಕಾಳಗವು ಇಂದು ನೆನ್ನೆಯದಲ್ಲ, 1994ರ ಡಿಸೆಂಬರ್ 16ರಂದು ಅಮೆರಿಕದ ಟಲ್ಸಾ ನಗರದಲ್ಲಿ ನಡೆದದ್ದು. ಅದಕ್ಕೆ ಒಂದು ವರ್ಷ ಹಿಂದೆ, 1993ರ ನವೆಂಬರ್‌ನಲ್ಲಿ, ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ ಎಂಬ ಪಂದ್ಯಾವಳಿ ಆರಂಭವಾಗಿತ್ತು. ಕಚ್ಚಬಾರದು, ಕಣ್ಣಿಗೆ ಬೆರಳಿಕ್ಕಬಾರದು ಎಂಬಂಥ ಕೆಲವೇ ನಿಷೇಧಗಳ ಹೊರತು, ಹೊಡೆತ, ಒದೆತ, ಹಿಡಿತಗಳೆಲ್ಲಕ್ಕೂ ಎಂಟು ಮೂಲೆಯ ಬಲೆಯಂಗಣದೊಳಗೆ ಅನುಮತಿಯಿತ್ತು. ದೇಹತೂಕದ ವಿಂಗಡಣೆಯಾಗಲಿ ಕಾಲದ ಮಿತಿಯಾಗಲಿ ಇರಲಿಲ್ಲ. ಟಲ್ಸಾದ ಅಂತಿಮ ಕಾಳಗದಲ್ಲಿ ಒಂದು ಕಡೆ ಅಮೆರಿಕದ ನುರಿತ ಕುಸ್ತಿಪಟು ಡ್ಯಾನ್ ಸೆವರ್ನ್, ತೂಕ 115 ಕಿಲೋ ಮೀರಿದ್ದು. ಇನ್ನೊಂದು ಕಡೆ ಬ್ರೆಜಿಲ್ ದೇಶದ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋದ ಸಪೂರ ಮೈಯವನು. ಅದೇ ರಾತ್ರಿ ಮೊದಲ ಸುತ್ತಿನ ಎದುರಾಳಿಯೊಬ್ಬನನ್ನು ಹಿಂದಿನಿಂದ ತಬ್ಬಿ ತಲೆಯ ಮೇಲಿಂದ ಮತ್ತೆ ಮತ್ತೆ ಎತ್ತಿ ಒಗೆದಿದ್ದ ಸೆವರ್ನ್, ಗ್ರೇಸಿಯನ್ನೂ ಕ್ಷಣಮಾತ್ರದಲ್ಲಿ ಕೆಡವಿ ಮೇಲೇರಿದನು.

ತರೀಕೆರೆಯ ಅಖಾಡವಾಗಿದ್ದರೆ ಅಲ್ಲಿಗೆ ಹಲಗೆ ಬಡಿದು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಡಿಸುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಕೆಳಗೆ ಬಿದ್ದವನು ತನ್ನ ಎರಡು ಕಾಲುಗಳಿಂದ ಮೇಲಿನವನ ಸೊಂಟವನ್ನು ಬಳಸಿಕೊಂಡು, ಗುದ್ದಲು ಬೇಕಾದ ಅಂತರವನ್ನು ಅವನಿಗೆ ಕೊಡದೆ, ಅವಸರವೇ ಇಲ್ಲದವನಂತೆ ಕಾದನು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಮೇಲಿದ್ದ ದೈತ್ಯನಿಗೆ ಕೆಡವುವ ವಿದ್ಯೆ ಗೊತ್ತಿತ್ತೇ ಹೊರತು, ಕೆಡವಿದ ಮೇಲೆ ಮಾಡಬೇಕಾದುದೇನೆಂಬುದು ಅವನ ಅಭ್ಯಾಸದಲ್ಲಿರಲಿಲ್ಲ. ಹದಿನಾರನೆಯ ನಿಮಿಷ ತುಂಬುವ ಮುನ್ನ ಗ್ರೇಸಿಯ ಒಂದು ಕಾಲು ಸೆವರ್ನನ ಕುತ್ತಿಗೆಯನ್ನೂ ಒಂದು ತೋಳನ್ನೂ ಒಟ್ಟಿಗೆ ಸುತ್ತಿ, ಆ ಕಾಲಿನ ಹರಡನ್ನು ಮತ್ತೊಂದು ಕಾಲಿನ ಮೊಣಕಾಲಿನ ಹಿಂಬದಿ ಬಿಗಿಹಿಡಿದು ತ್ರಿಕೋಣವಾಯಿತು. ಈ ಹಿಡಿತದ ಮರ್ಮವನ್ನು ತಿಳಿಯಬೇಕು: ಕುತ್ತಿಗೆಯ ಒಂದು ಪಕ್ಕವನ್ನು ಎದುರಾಳಿಯ ತೊಡೆ ಅದುಮುತ್ತದೆ, ಮತ್ತೊಂದು ಪಕ್ಕವನ್ನು ಸಿಕ್ಕಿಬಿದ್ದವನ ಸ್ವಂತ ಭುಜವೇ ಅದುಮುತ್ತದೆ, ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳು ಎರಡೂ ಕಡೆ ಮುಚ್ಚಿ, ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಉಸಿರು ಕಟ್ಟುವುದಕ್ಕಿಂತ ಇದು ಶೀಘ್ರ. ಸೆವರ್ನ್ ಕೈತಟ್ಟಿ ಶರಣಾದನು. ಕಾಳಗ ಪ್ರಸಾರಕ್ಕೆಂದು ಗೊತ್ತುಮಾಡಿದ್ದ ವೇಳೆಯನ್ನು ಮೀರಿ ಬೆಳೆದಿದ್ದರಿಂದ, ಹಣ ತೆತ್ತು ಮನೆಯಲ್ಲಿ ಕುಳಿತಿದ್ದ ಅನೇಕ ವೀಕ್ಷಕರಿಗೆ ಪ್ರಸಾರವೇ ಕಡಿದುಹೋಗಿ, ಈ ಅಂತ್ಯ ಕಾಣಲಿಲ್ಲವಂತೆ. ಪಾಪ, ಅವರು ಸೆವರ್ನನೇ ಗೆದ್ದನೆಂದುಕೊಂಡು ಮಲಗಿದ್ದರೆ ನಮ್ಮ ಕಡೆಯವರಾರೂ ನಗಲಾರರು.

ಬೆನ್ನಮೇಲೆ ಮಲಗಿ ಗೆಲ್ಲುವ ಈ ವಿದ್ಯೆ ಜಪಾನಿನ ಮಿತ್ಸುಯೊ ಮಾಯೆದಾ ಎಂಬ ಜೂಡೋ ಪಟುವಿನಿಂದ ಬ್ರೆಜಿಲ್ಲಿನ ಗ್ರೇಸಿ ಕುಟುಂಬಕ್ಕೆ ದೊರೆತದ್ದು. ನಮ್ಮ ಮಟ್ಟಿಯ ಕುಸ್ತಿಯಲ್ಲಿ ರಕ್ಷಣೆಯ ಉಪಾಯ ಇದಕ್ಕೆ ನೇರ ವಿರುದ್ಧ: ಅಪಾಯ ಬಂದರೆ ಹೊಟ್ಟೆಯಡಿಯಾಗಿ ನೆಲಕ್ಕಂಟಬೇಕು. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನೆದುರು ಪೋಲೆಂಡಿನ ಜ್ಬಿಸ್ಕೊ ಎರಡು ಗಂಟೆಗೂ ಮೀರಿ ಹಾಗೆಯೇ ಅಂಟಿಕೊಂಡಿದ್ದು ಸೋಲದೆ ಉಳಿದನು. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಗಾಮಾ ಅವನನ್ನು ಒಂದು ನಿಮಿಷವೂ ನಿಲ್ಲಗೊಡಲಿಲ್ಲ. ಒಂದು ವಿದ್ಯೆಯಲ್ಲಿ ಬೆನ್ನು ಮುಚ್ಚಿಡತಕ್ಕ ಮರ್ಮಸ್ಥಾನ, ಮತ್ತೊಂದರಲ್ಲಿ ಅದೇ ಕೋಟೆಯ ಅಡಿಗಲ್ಲು.

ಹೊಡೆತವನ್ನೂ ಹಿಡಿತವನ್ನೂ ಬೆರೆಸುವುದು ಪರದೇಶದ ಅನಾಗರಿಕತೆಯೆಂದು ಮೂಗು ಮುರಿಯುವವರುಂಟು. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯ ಮಂಟಪದ ಗೋಡೆಯುದ್ದಕ್ಕೂ ರಾಮಾಯಣ, ಭಾರತ, ಭಾಗವತಗಳ ಕಥೆ ಕೆತ್ತಿದೆಯಷ್ಟೆ. ಆ ಭಾಗವತದಲ್ಲಿ ಕಂಸನ ರಂಗಮಂಟಪದೊಳಗೆ ಚಾಣೂರನ ಜೊತೆಗೆ ನಿಂತಿದ್ದವನ ಹೆಸರೇ ಮುಷ್ಟಿಕ. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್, ಅಲ್ಲಿನ ಜಟ್ಟಿಗಳ ಪೆಟ್ಟಿಗೆ ಹಲ್ಲು ಮುರಿಯುತ್ತಿದ್ದುದನ್ನೂ ಮುಖ ವಿರೂಪವಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಮೈಸೂರು ಅರಮನೆಯ ಆವರಣದಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ಆ ಪರಂಪರೆಯ ಉಳಿದ ಕೊಂಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚು ಆಯುಧ ತೊಟ್ಟು ಸೆಣಸುತ್ತಾರೆ. ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅಲ್ಲಿ ತೀರ್ಪು ಹೇಳುವುದು ಭೂಮಿಯಲ್ಲ, ರಕ್ತ.

ಹೀಗಿರುವಾಗ ಟಲ್ಸಾದ ಕಾಳಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೈತಟ್ಟು. ಸೋಲನ್ನು ಸೋತವನೇ ಸಾರಬೇಕು! ಜಂಗೀ ಕುಸ್ತಿಯಲ್ಲಿ ಚಿತ್ತಾದ ಪೈಲ್ವಾನನು ಭುಜ ಸರಿಯಾಗಿ ಹತ್ತಿರಲಿಲ್ಲವೆಂದು ವಾದ ಹೂಡಬಹುದು, ಅವನೂರಿನವರು ಅಖಾಡಕ್ಕೇ ನುಗ್ಗಿ ಗದ್ದಲವೆಬ್ಬಿಸಬಹುದು, ಎಬ್ಬಿಸಿಯೂ ಇದ್ದಾರೆ. ತಾನೇ ಕೈತಟ್ಟಿದವನಿಗೆ ವಾದವೆಲ್ಲಿ?

ಈಗ ಆ ಪಂದ್ಯಾವಳಿಯ ನಿಯಮಗಳು ಬೆಳೆದಿವೆ: ತೂಕದ ವರ್ಗಗಳು, ಐದೈದು ನಿಮಿಷದ ಮೂರು ಸುತ್ತು, ಪ್ರಶಸ್ತಿಯ ಕಾಳಗಕ್ಕೆ ಐದು ಸುತ್ತು. ಕುಸ್ತಿಯವರೂ ಪಾಠ ಕಲಿತಿದ್ದಾರೆ. ದಾಗೆಸ್ತಾನದ ಖಬೀಬ್ 2018ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಮೆಕ್‌ಗ್ರೆಗರ್‌ನನ್ನು ಕೆಡವಿ, ಕಾಲುಗಳ ಬಲೆಗೆ ಸಿಲುಕದೆ, ನಾಲ್ಕನೆಯ ಸುತ್ತಿನಲ್ಲಿ ಕುತ್ತಿಗೆ ತಿರುಚಿ ಕೈತಟ್ಟಿಸಿದ ರೀತಿಯನ್ನು ಯಾವ ಗರಡಿಯ ಉಸ್ತಾದನಾದರೂ ಮೆಚ್ಚಿಯಾನು. ಬಿದ್ದವನ ಮುಖಕ್ಕೆ ಗುದ್ದುವುದನ್ನು ಮಾತ್ರ ನಾನು ಇನ್ನೂ ಒಪ್ಪಲಾರೆ. ಸಮಯ ಮುಗಿದೂ ಯಾರೂ ಶರಣಾಗದಿದ್ದರೆ ಮೂವರು ತೀರ್ಪುಗಾರರ ಅಂಕವೇ ಗತಿ. ಉತ್ತರಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಆ ಎಂಟು ಮೂಲೆಯ ಅಂಗಣದಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದದ್ದು ಹಾಗೆಯೇ, ಇಬ್ಬರು ಆಕೆಯ ಕಡೆ, ಒಬ್ಬರು ಎದುರಾಳಿಯ ಕಡೆ. ಗೆಲುವು ನಿಸ್ಸಂಶಯವಾಗಿ ಗೆಲುವೇ, ಸಂತೋಷವೂ ಪೂರ್ಣವೇ; ಆದರೆ ತರೀಕೆರೆಯ ಮಣ್ಣಿನ ಪಕ್ಕದಲ್ಲಿ ಕುಳಿತು ಬೆಳೆದವನಿಗೆ, ಕಾಗದದ ಮೇಲೆ ಅಂಕ ಕೂಡಿಸಿ ಓದುವವರೆಗೆ ಕೇಕೆಯನ್ನು ತಡೆದಿಟ್ಟುಕೊಳ್ಳುವುದು ಮಾತ್ರ ಬಲು ಕಷ್ಟದ ಸಾಮು.