ಬಕೆಟ್ಟಿನಲ್ಲಿ ಬುಸ್ಸೆನ್ನುವ ಬೇವಿನ ಉಂಡೆ

ಯುಗಾದಿ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇವಿನೆಲೆ ಹಾಕಿ ಕಾಯಿಸಿದ ನೀರಿನ ಜಳಕ. ಅದೇ ಬೇವಿನಿಂದ, ನೀರಿಗೆ ಬಿದ್ದೊಡನೆ ಬುಸ್ಸೆನ್ನುವ ಉಂಡೆ ಮಾಡೋಣ ಬನ್ನಿ.

ಅಡುಗೆ ಸೋಡಾ 2 ಕಪ್, ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪು 1 ಕಪ್. ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಬೇವಿನ ಪುಡಿ 2 ಚಮಚ, ಕೊಬ್ಬರಿ ಎಣ್ಣೆ 2 ಚಮಚ.

2023ರಲ್ಲಿ ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆ ಮನೆಯಲ್ಲೇ ಇದೆಯಲ್ಲ, ಅದನ್ನೇ ಹಿಂಡಿದರಾಯಿತು ಅನ್ನಬೇಡಿ. ಲಿಂಬೆಯ ಹುಳಿಯೂ ಸಿಟ್ರಿಕ್ ಆಸಿಡ್ಡೇ, ಆದರೆ ರಸದ ತುಂಬ ನೀರು. ಒಣಗಿದ್ದಾಗ ಸೋಡಾ, ಆಸಿಡ್ ಎರಡೂ ಸುಮ್ಮನಿರುತ್ತವೆ. ನೀರು ಸೋಕಿದರೆ ಕರಗಿ, ಒಂದಕ್ಕೊಂದು ಕೂಡಿ, ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಎಬ್ಬಿಸುತ್ತವೆ. ಆ ಗುಳ್ಳೆ ಬಕೆಟ್ಟಿನಲ್ಲಿ ಏಳಬೇಕು, ಕಲಸುವಾಗಲ್ಲ!

ಮತ್ತೊಂದು ಮಾತು: ಹಸಿ ಲಿಂಬೆ ಮೈಗೆ ತಿಕ್ಕಿಕೊಂಡು ಬಿಸಿಲಿಗೆ ಹೋಗಲೇಬೇಡಿ. ಸುಟ್ಟಂತೆ ಬೊಬ್ಬೆ ಎದ್ದೀತು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿದೀತು. ನಮ್ಮ ಬಿಸಿಲು ಎಂಥದ್ದೆಂದು ಗೊತ್ತಲ್ಲ.

ಈಗ ಪುಡಿಗಳನ್ನೂ ಎಣ್ಣೆಯನ್ನೂ ಕಲಸಿ, ಬುಸ್ಸೆನ್ನದಷ್ಟು ಸ್ವಲ್ಪವೇ ನೀರನ್ನು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಹಸಿ ಮರಳಿನಂತೆ ನಿಲ್ಲಬೇಕು. ಬಟ್ಟಲಿಗೆ ಒತ್ತಿ, ಬೋರಲು ಹಾಕಿ, ಒಂದು ದಿನ ಒಣಗಲು ಬಿಡಿ.

ಬಾತ್‌ಟಬ್ ಏನೂ ಬೇಕಿಲ್ಲ. ಹೊಲದಿಂದ ದಣಿದು ಬಂದ ಅವ್ವನಿಗೆ ಅಗಲ ಬೋಗುಣಿಯಲ್ಲಿ ಬೆಚ್ಚನೆ ನೀರು, ಅರ್ಧ ಉಂಡೆ, ಹತ್ತು ನಿಮಿಷ ಕಾಲಿಟ್ಟು ಕೂಡಲಿ. ಹಿಮ್ಮಡಿ ಒಡೆದಿದ್ದರೆ, ಗಾಯವಿದ್ದರೆ ಬೇಡ, ಉರಿಯುತ್ತದೆ. ಮಕ್ಕಳ ಕಣ್ಣಿಗೆ ತಾಗದಿರಲಿ. ಉಳಿದ ಉಂಡೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದ ತೇವಕ್ಕೆ ಬುಸ್ಸೆನ್ನುವ ಗುಣವೇ ಹೋಗಿಬಿಡುತ್ತದೆ.