ಓಡುವುದು ಮರವೋ, ನಾವೋ?

ಮುಂಬಯಿ, ಪುಣೆಗಳಿಂದ ಹುಬ್ಬಳ್ಳಿ ಧಾರವಾಡದ ಕಡೆಗೆ ರಜೆಗೆ ಹೋಗುವ ನಮ್ಮಂಥವರಿಗೆಲ್ಲ ಮಿರಜ ನಿಲ್ದಾಣ ಚೆನ್ನಾಗಿ ಗೊತ್ತು. ಒಂದು ಬೇಸಗೆಯಲ್ಲಿ ಗಾಡಿ ಅಲ್ಲಿ ನಿಂತಾಗ ನಾವು ಚಹಾ ತರಲೆಂದು ಕೆಳಗಿಳಿದೆವು. ಹಳಿಯ ಬದಿಯ ಕಿಟಕಿಯಲ್ಲಿ ಕುಳಿತಿದ್ದ ನಮ್ಮ ಆರು ವರ್ಷದ ಮಗ ಒಮ್ಮೆಲೇ ಕಿರುಚಿಕೊಂಡನಂತೆ: "ಅವ್ವಾ, ಗಾಡಿ ಹೊಂಟಿತು! ಅಪ್ಪ ಕೆಳಗ ಉಳದಾನ!" ಹಾಗೆಂದವನೇ ಬಾಗಿಲಿಗೆ ಓಡಿದ. ಗಾಬರಿಯಲ್ಲಿ ಅವನು ಓಡಿದ್ದು ಪ್ಲಾಟ್‌ಫಾರಂ ಬದಿಯ ಬಾಗಿಲಿಗಲ್ಲ, ಹಳಿಯ ಬದಿಯದಕ್ಕೆ. ನಮ್ಮ ಮನೆಯವರು ಅವನ ಅಂಗಿ ಹಿಡಿದು ಎಳೆದು, "ಆ ಕಡೆ ನೋಡಬ್ಯಾಡ, ಈ ಕಡೆ ನೋಡು. ಕಂಬ ಎಲ್ಲಿತ್ತೋ ಅಲ್ಲೇ ಐತಿ. ಹೊಂಟದ್ದು ಬಾಜೂಕಿನ ಗಾಡಿ" ಎಂದರಂತೆ. ನಾವು ಚಹಾ ಹಿಡಿದು ಬಂದಾಗ ಹುಡುಗನ ಕಣ್ಣಲ್ಲಿ ಇನ್ನೂ ನೀರಿತ್ತು.

ಮಿರಜ ಬಿಟ್ಟು ಗಾಡಿ ಬಯಲಿಗೆ ಬಂದಿತು. ಅಂಜಿಕೆ ಕಳೆದ ಹುಡುಗ ಪುನಃ ಕಿಟಕಿ ಹಿಡಿದು ಕೂತು ಕೇಳಿದ: "ಅಪ್ಪಾ, ನಾವು ಹೋಗೋವಾಗ ಗಿಡಾನೂ ಹಿಂದಕ್ಕ ಓಡ್ತಾವ, ಆ ಚಕ್ಕಡಿನೂ ಹಿಂದಕ್ಕ ಓಡ್ತದ. ಗಿಡ ನಿಂತಾವ, ಚಕ್ಕಡಿ ಹೊಂಟೈತಿ ಅಂತ ನನಗ ಹೆಂಗ ತಿಳೀತದ?"

ಆಗ ನಮಗೆ ಉತ್ತರ ಹೊಳೆಯಲಿಲ್ಲ. ಊರಿನಿಂದ ಮರಳಿದ ಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಕಣ್ಣಿನ ಮಟ್ಟಿಗೆ ಹೇಳುವುದಾದರೆ ಹುಡುಗನ ಸಂಶಯ ಸರಿಯಾದುದೇ. ಗಾಡಿ ಓಡುವಾಗ ಕಣ್ಣಿನ ಒಳಪರದೆಯ ಮೇಲೆ ಬೀಳುವ ಚಿತ್ರವೆಲ್ಲ ಚಲಿಸುತ್ತದೆ. ಹತ್ತಿರದ ತಂತಿಕಂಬ ಸರ್ರನೆ ಸರಿಯುತ್ತದೆ. ದೂರದ ಗುಡ್ಡ ಮೆಲ್ಲಗೆ ಸರಿಯುತ್ತದೆ. ಚಂದ್ರನಂತೂ ನಮ್ಮೊಡನೆಯೇ ಬರುತ್ತಾನೆ. ಮುಂದಕ್ಕೆ ನಡೆಯುತ್ತಿರುವ ಎತ್ತೂ, ಗಾಡಿಯ ವೇಗದ ಮುಂದೆ, ಹಿಂದಕ್ಕೇ ಸರಿಯುತ್ತದೆ. ಈ ಗದ್ದಲದಲ್ಲಿ ನಿಜವಾಗಿ ಚಲಿಸುವುದು ಯಾವುದೆಂದು ಆರಿಸಿ ತೆಗೆಯುವ ಕೆಲಸ ಮಿದುಳಿನದು.

ಎಣ್ಣೆಯ ಅಂಗಡಿಗೆ ಡಬ್ಬಿ ಒಯ್ದರೆ ಅಂಗಡಿಯವನು ಮೊದಲು ಖಾಲಿ ಡಬ್ಬಿಯನ್ನು ತೂಗುತ್ತಾನೆ. ಆಮೇಲೆ ಎಣ್ಣೆ ತುಂಬಿ ತೂಗಿ, ಡಬ್ಬಿಯ ತೂಕ ಕಳೆದು ಹಣ ಕೇಳುತ್ತಾನೆ. ಮಿದುಳು ಮಾಡುವುದೂ ಇದೇ ವ್ಯಾಪಾರ. ಕಣ್ಣಿಗೆ ಬಿದ್ದ ಒಟ್ಟು ಚಲನೆಯಲ್ಲಿ ನಮ್ಮ ಸ್ವಂತ ಚಲನೆಯಿಂದ ಬಂದುದೆಷ್ಟು ಎಂದು ಎಣಿಸಿ ಅದನ್ನು ಕಳೆಯುತ್ತದೆ. ಉಳಿದುದು ಲೋಕದ ಚಲನೆ. ಮರದ ಲೆಕ್ಕ ಕಳೆದರೆ ಸೊನ್ನೆ. ಎತ್ತಿನ ಲೆಕ್ಕ ಕಳೆದರೆ ಅದರ ನಡಿಗೆ ಉಳಿಯುತ್ತದೆ.

ಹಾಗಾದರೆ 'ಡಬ್ಬಿಯ ತೂಕ' ಮಿದುಳಿಗೆ ತಿಳಿಯುವುದು ಹೇಗೆ? ಅದಕ್ಕೆ ಮೂವರು ಸಾಕ್ಷಿಗಳಿದ್ದಾರೆ.

ಮೊದಲನೆಯದು ಮಿದುಳು ತಾನೇ ಕೊಟ್ಟ ಅಪ್ಪಣೆ. ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿ; ಕೋಣೆ ಅಲುಗುವುದಿಲ್ಲ. ಇನ್ನು ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರ ಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳಿನಿಂದ ಬಲು ಮೆಲ್ಲಗೆ ಒತ್ತಿ, ಕೋಣೆಯೇ ಅಲುಗುತ್ತದೆ. ಎರಡೂ ಬಾರಿ ಕದಲಿದ್ದು ಕಣ್ಣೇ. ಈ ವ್ಯತ್ಯಾಸವನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ವಿವರಿಸಿದ್ದ. ಕಣ್ಣಿನ ಸ್ನಾಯುಗಳಿಗೆ ಅಪ್ಪಣೆ ಹೊರಟಾಗ ಅದರ ಒಂದು ನಕಲು ಮಿದುಳಿನಲ್ಲಿಯೇ ಉಳಿಯುತ್ತದೆಂದೂ, ಬಂದ ಚಿತ್ರವನ್ನು ಅದರೊಡನೆ ತಾಳೆ ನೋಡುತ್ತದೆಂದೂ 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಷ್ಟೆಟ್ ಪ್ರತಿಪಾದಿಸಿದರು. ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದ. ಬೆರಳಿನಿಂದ ಒತ್ತಿದಾಗ ಕಣ್ಣಿಗೆ ಅಂಥ ಅಪ್ಪಣೆ ಹೋಗಿರುವುದಿಲ್ಲ. ಆದುದರಿಂದ ಕಳೆಯುವ ಲೆಕ್ಕ ತಪ್ಪುತ್ತದೆ.

ಎರಡನೆಯ ಸಾಕ್ಷಿ ಒಳಕಿವಿ. ಪ್ರತಿ ಕಿವಿಯೊಳಗೂ ಅರ್ಧ ಬಳೆಯಂಥ ಮೂರು ನಾಳಗಳಿವೆ. ಅವುಗಳಲ್ಲಿರುವ ದ್ರವ ತಲೆ ತಿರುಗಿದುದನ್ನು ತಿಳಿಸುತ್ತದೆ. ಪಕ್ಕದಲ್ಲಿಯೇ ಸುಣ್ಣದ ಸಣ್ಣ ಹರಳುಗಳಿರುವ ಎರಡು ಚೀಲಗಳಿವೆ; ತಲೆ ವಾಲಿದುದನ್ನೂ, ನೇರ ದಾರಿಯಲ್ಲಿ ವೇಗ ಹೆಚ್ಚಿದುದನ್ನೂ ತಗ್ಗಿದುದನ್ನೂ ಅವು ತಿಳಿಸುತ್ತವೆ. ಆದರೆ ಒಂದೇ ವೇಗದಲ್ಲಿ ನೇರವಾಗಿ ಸಾಗುವಾಗ ಈ ಸಾಕ್ಷಿ ಬಾಯಿ ಬಿಡುವುದಿಲ್ಲ.

ಮೂರನೆಯದು ದೃಶ್ಯದ ಹರಿವು. ನಾವು ಮುಂದೆ ನೋಡುತ್ತ ನೇರವಾಗಿ ನಡೆಯುವಾಗ, ಗುರಿಯ ಬಿಂದುವೊಂದು ಕದಲದೆ ನಿಂತು, ಉಳಿದುದೆಲ್ಲ ಅದರಿಂದ ಹೂವು ಅರಳಿದಂತೆ ಸುತ್ತಲೂ ಹರಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯನ್ನು ಅಭ್ಯಸಿಸಿದ ಅಮೆರಿಕದ ಜೇಮ್ಸ್ ಗಿಬ್ಸನ್ 1950ರ ತನ್ನ ಗ್ರಂಥದಲ್ಲಿ ಇದರ ಮಹತ್ವವನ್ನು ತೋರಿಸಿದ. ಇಡೀ ದೃಶ್ಯ ಒಂದು ಕ್ರಮದಲ್ಲಿ ಹರಿದರೆ ಚಲಿಸುತ್ತಿರುವವರು ನಾವು. ಆ ಕ್ರಮಕ್ಕೆ ಹೊಂದದೆ ಬೇರೆಯಾದುದು ಸ್ವತಃ ಚಲಿಸುತ್ತಿರುವ ವಸ್ತು.

ಮಿದುಳು ನಿಜವಾಗಿಯೂ ಹೀಗೆ ಕಳೆಯುತ್ತದೆಯೆ? ಬ್ರಿಟನ್ನಿನ ಪಾಲ್ ವಾರೆನ್ ಮತ್ತು ಸೈಮನ್ ರಷ್ಟನ್ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಲು ಸೊಗಸಾಗಿದೆ. ಪರದೆಯ ಒಂದು ಅರ್ಧದಲ್ಲಿ ಮಾತ್ರ, ನೋಡುವವನು ಮುಂದಕ್ಕೆ ಸಾಗುತ್ತಿರುವಂತೆ ಚುಕ್ಕೆಗಳನ್ನು ಹರಿಸಿದರು. ಬರಿದಾಗಿದ್ದ ಇನ್ನೊಂದು ಅರ್ಧದಲ್ಲಿ ಒಂದೇ ಒಂದು ಚುಕ್ಕೆಯನ್ನು ಚಲಿಸಿದರು. ನೋಡಿದವರಿಗೆ ಅದರ ದಾರಿ ಪರದೆಯ ನಡುವಿನ ಕಡೆಗೆ ವಾಲಿದಂತೆ ಕಂಡಿತು. ಅಂದರೆ ಹರಿವೇ ಇಲ್ಲದ ಬದಿಯಲ್ಲಿಯೂ ಮಿದುಳು ಹರಿವನ್ನು ಊಹಿಸಿ ಕಳೆದಿತ್ತು.

ಚಲನೆಯನ್ನು ಕಾಣುವುದಕ್ಕೆಂದೇ ಮಿದುಳಿನ ಹಿಂಭಾಗದ ಬದಿಯಲ್ಲಿ ವಿಶೇಷವಾದ ಒಂದು ನೆಲೆಯಿದೆ. ಅದಕ್ಕೆ ಹೊಂದಿಕೊಂಡಿರುವ ಇನ್ನೊಂದು ನೆಲೆಗೆ ಕಣ್ಣಿನ ಸುದ್ದಿಯೂ ಒಳಕಿವಿಯ ಸುದ್ದಿಯೂ ಬಂದು ಸೇರುತ್ತವೆಂದು ಮಂಗಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ. ಈ ಭಾಗಗಳು ಕೆಟ್ಟರೆ ಏನಾಗುವುದೆಂಬುದಕ್ಕೆ 1983ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದ ಒಬ್ಬ ಮಹಿಳೆಯ ಪಾಡೇ ಸಾಕ್ಷಿ. ಆಕೆಗೆ ಬಣ್ಣ, ಆಕಾರಗಳು ಚೆನ್ನಾಗಿಯೇ ಕಾಣುತ್ತಿದ್ದವು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಸುರಿಯುವ ಚಹಾ ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ತುಂಬಿ ಬರುವುದು ತಿಳಿಯದೆ ಚೆಲ್ಲಿಹೋಗುತ್ತಿತ್ತು. ದಾರಿ ದಾಟಲು ಹೋದರೆ, ದೂರದಲ್ಲಿದ್ದ ಕಾರು ಮರುಕ್ಷಣಕ್ಕೆ ಪಕ್ಕದಲ್ಲಿಯೇ ಇರುತ್ತಿತ್ತು. ಕೊನೆಗೆ ಆಕೆ ಸದ್ದನ್ನು ಆಲಿಸಿ ವಾಹನಗಳ ದೂರವನ್ನು ಅಂದಾಜು ಮಾಡಲು ಕಲಿತಳಂತೆ.

ಈಗ ಮಿರಜಿಗೆ ಮರಳೋಣ. ನಮ್ಮ ಹುಡುಗನ ಕಿಟಕಿಯ ತುಂಬ ಪಕ್ಕದ ಗಾಡಿಯೇ ಇತ್ತು. ಅದು ಸರಿದಾಗ ಇಡೀ ದೃಶ್ಯವೇ ಹರಿಯಿತು. ಒಳಕಿವಿ ಸುಮ್ಮನಿತ್ತು, ಆದರೆ ಗಾಡಿ ಮೆಲ್ಲಗೆ, ಕುಲುಕದೆ ಹೊರಟರೂ ಅದು ಸುಮ್ಮನೇ ಇರುತ್ತದಲ್ಲ! ಆದುದರಿಂದ ಮಿದುಳು ಕಣ್ಣಿನ ಮಾತನ್ನೇ ನಂಬಿ ತೀರ್ಪು ಕೊಟ್ಟಿತು. ಅವರವ್ವ ಕಂಬವನ್ನು ತೋರಿಸಿ ಹೊಸ ಸಾಕ್ಷ್ಯ ಒದಗಿಸಿದೊಡನೆ ತೀರ್ಪು ತಿರುಗಿತು. ಪುಸ್ತಕ ಓದದೆಯೂ ಅವರು ಮಾಡಿದ ಉಪಾಯ ಶಾಸ್ತ್ರಕ್ಕೆ ಸರಿಯಾದುದೇ.

ಊರು ಬಿಟ್ಟು ಶಹರ ಸೇರಿದ ನಮಗೆ ಇದು ಕೇವಲ ಕುತೂಹಲದ ವಿಷಯವಲ್ಲ. ದಿನಕ್ಕೆ ಎಷ್ಟು ಸಲ ರಸ್ತೆ ದಾಟುತ್ತೇವೆ! ಅವಸರಕ್ಕೆ ಹಳಿಯನ್ನೂ ದಾಟುವವರಿದ್ದಾರೆ. ಇಲ್ಲಿ ಮೂರು ಮೋಸಗಳಿವೆ. ನಾವು ನಡೆಯುತ್ತಿರುವಾಗ ನಮಗೆ ಬಂದು ತಾಗಲಿರುವ ವಾಹನ ನೋಟದಲ್ಲಿ ಆಚೀಚೆ ಸರಿಯುವುದಿಲ್ಲ; ನಿಂತಲ್ಲೇ ನಿಂತಂತಿದ್ದು ದೊಡ್ಡದಾಗುತ್ತ ಬರುತ್ತದೆ. ಸರಿಯದ್ದು ನಿಂತಿದೆ ಎಂದು ತಿಳಿದರೆ ಕೆಟ್ಟೆವು. ಎರಡನೆಯದಾಗಿ, ದೊಡ್ಡ ವಸ್ತು ಇರುವುದಕ್ಕಿಂತ ನಿಧಾನವಾಗಿ ಬರುವಂತೆ ತೋರುತ್ತದೆ. ರೈಲಿನ ವಿಷಯದಲ್ಲಿ ಜನ ಮೋಸಹೋಗಲು ಇದೊಂದು ಕಾರಣವೆಂದು ಅಮೆರಿಕದ ಲೀಬೊವಿಟ್ಸ್ 1985ರಲ್ಲಿ ಎಚ್ಚರಿಸಿದ. ಮೂರನೆಯದು ಮಕ್ಕಳ ವಿಷಯ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬರುವ ವಾಹನ ಸಮೀಪಿಸುತ್ತಿದೆ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಣ್ಣಿನಿಂದ ತಿಳಿಯದೆ ಹೋಗಬಹುದೆಂದು ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. "ಕಣ್ಣು ಕಾಣಿಸಲಿಲ್ಲವೇನೋ?" ಎಂದು ಮಕ್ಕಳನ್ನು ಗದರುವ ಮುನ್ನ ಇದನ್ನು ನೆನೆಯಬೇಕು.

ಪರಿಹಾರ ಸುಲಭವಾಗಿದೆ. ದಾಟುವ ಮೊದಲು ನಿಲ್ಲಬೇಕು. ನಡೆಯುತ್ತ ನೋಡುವುದಲ್ಲ, ನಿಂತು ನೋಡಬೇಕು. ನಿಂತವನಿಗೆ ಡಬ್ಬಿಯ ತೂಕ ಕಡಿಮೆ. ಮಿದುಳಿಗೆ ಕಳೆಯುವ ಕೆಲಸವೂ ಕಡಿಮೆ. ಮಕ್ಕಳಿದ್ದರೆ ಕೈ ಹಿಡಿದೇ ದಾಟಿಸಬೇಕು. ಹಳಿಗಾದರೆ ಮೇಲುಸೇತುವೆಯೇ ದಾರಿ.

ನಮ್ಮ ಹುಡುಗ ಈಗ ಮಿರಜ ಬಂದೊಡನೆ ಪಕ್ಕದ ಗಾಡಿಯನ್ನು ಬಿಟ್ಟು ಕಂಬವನ್ನೇ ನೋಡುತ್ತಾನೆ. ಆದರೂ ಅವರವ್ವ ಅವನ ಅಂಗಿ ಹಿಡಿದುಕೊಂಡೇ ಕೂಡುತ್ತಾರೆ.